ಗ್ವಾಟೆಮಾಲಾದ ಮಗ್ಗಗಳು ಕೇಳುತ್ತಿರುವ ನ್ಯಾಯ

ಮಧ್ಯ ಅಮೆರಿಕದ ಗ್ವಾಟೆಮಾಲಾದ ಮೂಲನಿವಾಸಿ ಮಾಯಾ ಮಹಿಳೆಯರು ಅಂತರ್ಯುದ್ಧದ ಗಾಯವನ್ನು ನೇಯ್ಗೆಯಿಂದ ಮಾಯಿಸಿಕೊಂಡರು ಎಂದು ಬಣ್ಣಬಣ್ಣದ ಬಟ್ಟೆಗಳ ಚಿತ್ರ ಹಾಕಿ ಬರೆಯುವುದು ಸುಲಭ. ಆ ಮಾತು ಸುಳ್ಳೇನಲ್ಲ. ಆದರೆ ಅಲ್ಲಿಗೇ ನಿಲ್ಲಿಸಿದರೆ ಆ ಹೆಂಗಸರು ಕೇಳುತ್ತಿರುವುದೇನು ಎಂಬುದು ನಮ್ಮ ಕಿವಿಗೆ ಬೀಳುವುದೇ ಇಲ್ಲ ಎನ್ನುವುದು ನನ್ನ ತಕರಾರು.

1960ರಿಂದ 1996ರವರೆಗಿನ ಆ ಅಂತರ್ಯುದ್ಧದಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಜನ ಸತ್ತರು ಅಥವಾ ಕಾಣೆಯಾದರು ಎಂದು ವಿಶ್ವಸಂಸ್ಥೆಯ ಬೆಂಬಲವಿದ್ದ ಸತ್ಯಶೋಧನಾ ಆಯೋಗವು 1999ರಲ್ಲಿ ಅಂದಾಜಿಸಿತು. ಗುರುತು ಸಿಕ್ಕವರಲ್ಲಿ ಶೇ 83ರಷ್ಟು ಮಂದಿ ಮಾಯಾ ಜನ. ಅಲ್ಲಿನ ಹೆಂಗಸರು ತೊಡುವ ಹುಯಿಪಿಲ್ ಎಂಬ ನೇಯ್ದ ಕುಪ್ಪಸದ ವಿನ್ಯಾಸ ಊರಿನಿಂದೂರಿಗೆ ಬೇರೆಯಾದ್ದರಿಂದ, ತೊಟ್ಟ ಬಟ್ಟೆಯೇ ಊರಿನ ಹೆಸರು ಹೇಳಿಬಿಡುತ್ತಿತ್ತು. ಸರ್ಕಾರದ ವಿರುದ್ಧ ಹೋರಾಡುತ್ತಿದ್ದ ಗೆರಿಲ್ಲಾಗಳಿಗೆ ಆಶ್ರಯ ಕೊಟ್ಟ ಊರೆಂದು ಸೈನ್ಯ ಶಂಕಿಸಿದ ಕಡೆಯವರಿಗೆ ಅದೇ ಪ್ರಾಣಕ್ಕೆ ಸಂಚಕಾರವಾಗಿ, ಎಷ್ಟೋ ಹೆಂಗಸರು ಅದನ್ನು ಕಳಚಿಟ್ಟರು. ಮುಂದೆ ಸಾಮೂಹಿಕ ಗೋರಿಗಳನ್ನು ಅಗೆದಾಗ, ಮೂಳೆಗಳ ಜೊತೆ ಸಿಕ್ಕ ಬಟ್ಟೆಯ ಚೂರು ನೋಡಿ ಮನೆಯವರು ತಮ್ಮವರನ್ನು ಗುರುತು ಹಿಡಿದದ್ದೂ ಉಂಟು.

ಇಷ್ಟೆಲ್ಲ ಆದ ಮೇಲೂ ಅವರು ಮತ್ತೆ ಮಗ್ಗ ಹೂಡಿದರು. ಅವರದು ಸೊಂಟಕ್ಕೆ ಕಟ್ಟಿಕೊಳ್ಳುವ ಮಗ್ಗ: ಒಂದು ತುದಿ ಮರಕ್ಕೋ ಕಂಬಕ್ಕೋ, ಇನ್ನೊಂದು ತುದಿ ಪಟ್ಟಿಯಿಂದ ಸೊಂಟಕ್ಕೆ. ಮಂಡಿಯೂರಿ ಕೂತವಳು ಹಿಂದಕ್ಕೆ ವಾಲಿದರೆ ಹಾಸು, ಅಂದರೆ ಉದ್ದದ ನೂಲು, ಬಿಗಿಯಾಗುತ್ತದೆ, ಮುಂದಕ್ಕೆ ಬಾಗಿದರೆ ಸಡಿಲವಾಗುತ್ತದೆ. ಸುತ್ತಿ ಕಂಕುಳಲ್ಲಿಟ್ಟುಕೊಂಡು ಹೊರಡಬಹುದಾದ ಮಗ್ಗವಿದು. ಊರು ಸುಟ್ಟು ದಿಕ್ಕಾಪಾಲಾದವರಿಗೆ ಇದೇನು ಸಣ್ಣ ಸಂಗತಿಯಲ್ಲ. 1988ರಲ್ಲಿ, ಯುದ್ಧ ಇನ್ನೂ ಮುಗಿಯದಿದ್ದಾಗಲೇ, ಕೆಟ್ಸಾಲ್ಟೆನಾಂಗೊ ನಗರದಲ್ಲಿ ಟ್ರಾಮಾ ಟೆಕ್ಸ್‌ಟೈಲ್ಸ್ ಎಂಬ ನೇಕಾರ ಮಹಿಳೆಯರ ಸಹಕಾರ ಸಂಘ ಹುಟ್ಟಿತು. ಗಂಡಂದಿರನ್ನು ಕಳೆದುಕೊಂಡವರಿಗೆ ಅದು ಮೊದಲಿಗೆ ಮಕ್ಕಳ ಹೊಟ್ಟೆ ತುಂಬಿಸುವ ದಾರಿಯಾಗಿತ್ತು. ಸಾಂತ್ವನ ಬಂದದ್ದು ಅದರ ಬೆನ್ನಿಗೆ, ಜೊತೆಯಲ್ಲಿ ಕೂತು ನೇಯುವಾಗ. ಅದೇ ವರ್ಷ ಹುಟ್ಟಿದ ವಿಧವೆಯರ ಸಂಘಟನೆ ಕೊನಾವಿಗುವಾ, ಗೋರಿಗಳನ್ನು ಅಗೆಸಿ ತಮ್ಮವರ ಮೂಳೆಗಳನ್ನು ಕೊಡಿ ಎಂದು ಪಟ್ಟು ಹಿಡಿಯಿತು.

2016ರಲ್ಲಿ ಸೆಪುರ್ ಸಾರ್ಕೊ ಎಂಬ ಊರಿನ ಪ್ರಕರಣದ ವಿಚಾರಣೆಗೆ ಬಂದ, ಮಾಯಾ ಜನರ ಕೆಕ್ಚಿ ಪಂಗಡದ ಅಜ್ಜಿಯರು ಮುಖದ ಮೇಲೆ ಬಣ್ಣದ ಹೊದಿಕೆ ಎಳೆದುಕೊಂಡು ಕೂತಿದ್ದರು. ಸೇನಾ ನೆಲೆಯಲ್ಲಿ ತಮ್ಮನ್ನು ಲೈಂಗಿಕ ಗುಲಾಮರನ್ನಾಗಿಸಿದ್ದನ್ನು ಅವರು ನ್ಯಾಯಾಲಯದ ಮುಂದಿಟ್ಟರು. ಇಬ್ಬರಿಗೆ ಶಿಕ್ಷೆಯಾಯಿತು, ಒಬ್ಬನಿಗೆ 120 ವರ್ಷ, ಇನ್ನೊಬ್ಬನಿಗೆ 240. ಮೂರು ದಶಕ ಕಾದು ಪಡೆದ ಈ ತೀರ್ಪನ್ನು ಬಿಟ್ಟು ಬರೀ ಬಣ್ಣವನ್ನು ಹೊಗಳುವ ಬರಹಗಳ ಬಗ್ಗೆ ನನಗೆ ಸಹನೆಯಿಲ್ಲ.

ಈಗಿನ ಜಗಳ ವಿನ್ಯಾಸದ ಒಡೆತನದ್ದು. ತಿಂಗಳುಗಟ್ಟಲೆ ಕೂತು ನೇಯ್ದ ಹುಯಿಪಿಲ್‌ನ ಚಿತ್ತಾರವನ್ನು ಯಂತ್ರದಲ್ಲಿ ನಕಲು ಮಾಡಿ ಅಗ್ಗಕ್ಕೆ ಮಾರುವವರನ್ನು ತಡೆಯಲು ಕಾನೂನಿಲ್ಲವೆಂದು ಅಫೆಡೆಸ್ ಸಂಘಟನೆಯ ನೇಕಾರ ಮಹಿಳೆಯರು ಸಾಂವಿಧಾನಿಕ ನ್ಯಾಯಾಲಯದ ಮೆಟ್ಟಿಲೇರಿದರು. ಕಾನೂನು ರೂಪಿಸುವಂತೆ ನ್ಯಾಯಾಲಯವು 2017ರಲ್ಲಿ ಸಂಸತ್ತಿಗೆ ಸೂಚಿಸಿತು. ವಿನ್ಯಾಸ ಯಾರೊಬ್ಬರ ಸೃಷ್ಟಿಯೂ ಅಲ್ಲ, ಅಜ್ಜಿಯಿಂದ ಮೊಮ್ಮಗಳಿಗೆ ಇಳಿದು ಬಂದ ಊರೊಟ್ಟಿನ ಸ್ವತ್ತು; ಆದ್ದರಿಂದ ಸಮುದಾಯವನ್ನೇ ಒಡೆಯನೆಂದು ಒಪ್ಪಬೇಕು, ವಿನ್ಯಾಸದಿಂದ ದುಡ್ಡು ಮಾಡುವವರು ಸಮುದಾಯಕ್ಕೆ ಅದರ ಪಾಲನ್ನು ಕೊಡಬೇಕು ಎಂಬುದು ಅವರ ವಾದ. ನನಗೆ ಅದರಲ್ಲಿ ಅತಿಯಾದದ್ದೇನೂ ಕಾಣುವುದಿಲ್ಲ.