ಬಿರುಗಾಳಿಯಲ್ಲಿ ಜೀವ ಬಂದ ಸ್ಕ್ವಿಡ್

ನಿನ್ನೆ ರಾತ್ರಿ ಮಗಳ ಜೊತೆ ಕೂತು '20,000 ಲೀಗ್ಸ್ ಅಂಡರ್ ದ ಸೀ' ಮತ್ತೆ ನೋಡಿದೆ. 1954ರ ಡಿಸ್ನಿ ಸಿನಿಮಾ, ನಿರ್ದೇಶಕ ರಿಚರ್ಡ್ ಫ್ಲೈಷರ್. ದೈತ್ಯ ಸ್ಕ್ವಿಡ್, ನಮ್ಮ ಕರಾವಳಿಯವರು ಬೊಂಡಾಸ್ ಅಂತಾರಲ್ಲ ಆ ಉದ್ದ ತೋಳುಗಳ ಸಮುದ್ರಪ್ರಾಣಿಯ ದೊಡ್ಡ ರೂಪ, ಸಿನಿಮಾದ ಸಬ್‌ಮರೀನ್ ನಾಟಿಲಸ್ ಮೇಲೆ ಬಿದ್ದಾಗ ಮಗಳು ದಿಂಬು ಅಪ್ಪಿಕೊಂಡು ಕೂತಳು. ಕಂಪ್ಯೂಟರ್ ಗ್ರಾಫಿಕ್ಸ್ ನೋಡಿಕೊಂಡೇ ಬೆಳೆದವಳು ಅವಳು.

ಆ ದೃಶ್ಯವನ್ನು ಎರಡು ಸಲ ತೆಗೆದಿದ್ದರು. ಮೊದಲ ಸಲ ಸೂರ್ಯ ಮುಳುಗುವ ಹೊತ್ತು, ಕೆಂಪು ಆಕಾಶ, ಅಲುಗಾಡದ ಸಮುದ್ರ. ನೋಡೋಕೆ ಚೆಂದ, ಆದರೆ ಸ್ಕ್ವಿಡ್ಡನ್ನು ಆಡಿಸುವ ತಂತಿಗಳೆಲ್ಲ ಕಾಣುತ್ತಿದ್ದವು. ಅದರ ಮೈ ನೀರು ಹೀರಿ ಭಾರವಾಗಿ ಜೋತುಬೀಳುತ್ತಿತ್ತು. ಅಷ್ಟು ಖರ್ಚು ಮಾಡಿ ತೆಗೆದದ್ದನ್ನು ಬದಿಗಿಟ್ಟು, ಬೇರೆ ಸ್ಕ್ವಿಡ್ ಮಾಡಿಸಿ, ರಾತ್ರಿಯ ಬಿರುಗಾಳಿಯಲ್ಲಿ ಮತ್ತೆ ತೆಗೆದರು. ಅದೂ ಸ್ಟುಡಿಯೋದೊಳಗಿನ ನೀರಿನ ತೊಟ್ಟಿಯಲ್ಲಿ.

ಮಳೆ, ಕತ್ತಲು, ನೊರೆಯ ನಡುವೆ ತಂತಿ ಮರೆಯಾಯಿತು, ನಿಜ. ನನಗೆ ಅದಕ್ಕಿಂತ ದೊಡ್ಡದು ಅನಿಸುವುದು ಬೇರೆ. ಬಿರುಗಾಳಿ ಆ ರಬ್ಬರಿನ ಪ್ರಾಣಿಗೆ ತೂಕ ಕೊಟ್ಟಿತು. ಒದ್ದೆ ತೋಳು ಕಬ್ಬಿಣದ ಮೇಲೆ ಬೀಳುತ್ತದೆ, ನೀರು ಸಿಡಿಯುತ್ತದೆ, ಕಾಲು ಜಾರುತ್ತದೆ. ನಟ ಕರ್ಕ್ ಡಗ್ಲಾಸ್ ಹಾರ್ಪೂನ್ ಈಟಿ ಹಿಡಿದು ನುಗ್ಗುವಾಗ ಎದುರಿಗೆ ನಿಜವಾಗಿಯೂ ಒಂದು ವಸ್ತು ಇದೆ. ಕೊಕ್ಕು ಬಾಯಿ ತೆರೆದು ಮುಚ್ಚುತ್ತಿದೆ. ಈಗಿನ ಎಷ್ಟೋ ಸಮುದ್ರದ ಸಿನಿಮಾಗಳಲ್ಲಿ ನನಗೆ ಸಿಗದಿರುವುದು ಈ ಒದ್ದೆತನವೇ. ಎಲ್ಲ ಕಾಣುತ್ತದೆ, ಯಾರ ಬಟ್ಟೆಯೂ ಭಾರವಾಗುವುದಿಲ್ಲ.

ನಾಟಿಲಸ್ ಕೂಡ ಹಾಗೇ. ಅದನ್ನು ಕಲ್ಪಿಸಿದವರು ಹಾರ್ಪರ್ ಗಾಫ್. ಬೆನ್ನ ಮೇಲೆ ಗರಗಸದ ಹಲ್ಲು, ಕತ್ತಲಲ್ಲಿ ಮೊಸಳೆ ಕಣ್ಣಿನ ಹಾಗೆ ಹೊಳೆಯುವ ಕಿಟಕಿಗಳು, ಮೈತುಂಬ ರಿವೆಟ್ ಮೊಳೆಗಳು. ನುಣುಪಾದ ಸಬ್‌ಮರೀನ್ ಬೇಡ ಅಂತ ಅವರು ಹಟ ಹಿಡಿದದ್ದು ಎಷ್ಟು ಒಳ್ಳೆಯದಾಯಿತು! ಒಳಗೆ ಮಾತ್ರ ಕೆಂಪು ಸೋಫಾ, ಪುಸ್ತಕ, ಆರ್ಗನ್ ವಾದ್ಯ. ಅದರ ಒಡೆಯ ಕ್ಯಾಪ್ಟನ್ ನೆಮೋ ಎಂಥ ಮನುಷ್ಯ ಅಂತ, ಆ ಪಾತ್ರ ಮಾಡಿದ ಜೇಮ್ಸ್ ಮೇಸನ್ ಬಾಯಿ ಬಿಡುವ ಮೊದಲೇ ಗೊತ್ತಾಗುತ್ತದೆ, ಅಲ್ವಾ?

ಸ್ಪೆಷಲ್ ಎಫೆಕ್ಟ್ಸ್‌ಗೂ ಕಲಾ ನಿರ್ದೇಶನಕ್ಕೂ ಆಸ್ಕರ್ ಬಂತು. ಕಲಾ ನಿರ್ದೇಶನದ ಆಸ್ಕರ್‌ನಲ್ಲಿ ಗಾಫ್ ಹೆಸರಿರಲಿಲ್ಲ. ಕಲಾ ನಿರ್ದೇಶಕರ ಯೂನಿಯನ್ ಸದಸ್ಯರಲ್ಲ ಅನ್ನುವುದೇ ಕಾರಣ. ಎಪ್ಪತ್ತು ವರ್ಷ ಆದಮೇಲೂ ಇದು ನನಗೆ ನೋವು ಕೊಡುತ್ತದೆ.

ಇವತ್ತು ಬೆಳಿಗ್ಗೆ ಮಗಳು ನೋಟ್‌ಬುಕ್ಕಿನ ಕೊನೇ ಪುಟದಲ್ಲಿ ನಾಟಿಲಸ್ ಬಿಡಿಸಿದ್ದಾಳೆ. ಎರಡು ಕಣ್ಣು, ಗರಗಸ, ಪೆನ್ನಲ್ಲಿ ಚುಕ್ಕಿ ಇಟ್ಟು ರಿವೆಟ್ ಕೂಡ.