74 ಗ್ರಾಂ ಹಾಕಿ 90 ಗ್ರಾಂ ನೀರು ತೆಗೆದ ಕಥೆ

ಪಕ್ಕದ ಮನೆ ಹುಡುಗಿ, ಫಸ್ಟ್ ಪಿಯುಸಿ ಸೈನ್ಸು, ಈಗಷ್ಟೇ ಟ್ಯೂಷನ್ ನೋಟ್ಸ್ ತಂದು ತೋರಿಸಿದಳು. 10 ಗ್ರಾಂ ಹೈಡ್ರೋಜನ್, 64 ಗ್ರಾಂ ಆಕ್ಸಿಜನ್ ಸೇರಿಸಿ ಉರಿಸಿದರೆ ಎಷ್ಟು ನೀರು ಬರುತ್ತದೆ? ಮೇಲೆ ಕೆಂಪು ಇಂಕಿನಲ್ಲಿ ಮೇಷ್ಟ್ರ ಶಾರ್ಟ್‌ಕಟ್: "ಮೊದಲು ಕೊಟ್ಟ ಸಂಖ್ಯೆ ತಗೋ, ಅಡ್ಡ ಗುಣಿಸು." ತಗೊಂಡಳು, ಗುಣಿಸಿದಳು. ಉತ್ತರ 90 ಗ್ರಾಂ.

ಹಾಕಿದ್ದೇ 74 ಗ್ರಾಂ ಕಣೇ, ಮಿಕ್ಕ 16 ನಿಮ್ಮ ಮೇಷ್ಟ್ರು ಮನೆಯಿಂದ ತಂದು ಹಾಕಿದರಾ ಅಂದೆ.

"ಆಪ್ಷನ್‌ನಲ್ಲಿ 90 ಇದೆ ಆಂಟಿ."

ಇದೆ, ಯಾಕಿರಲ್ಲ? ಬೀಳಲಿ ಅಂತಲೇ ಇಟ್ಟಿರೋದು!

ಸಮೀಕರಣದಲ್ಲಿ (2H₂ + O₂ → 2H₂O) ಹೈಡ್ರೋಜನ್ ಮುಂದೆ 2 ಅಂತ ಇರೋದು ತೂಕ ಅಲ್ಲ, ಎಣಿಕೆ. ಎಣಿಸೋದು ಮೋಲ್ ಲೆಕ್ಕದಲ್ಲಿ, ಡಜನ್ ಇದ್ದ ಹಾಗೆ, ಕಣಗಳ ಒಂದು ದೊಡ್ಡ ಗುಂಪು. ಒಂದು ಮೋಲ್ ಆಕ್ಸಿಜನ್ 32 ಗ್ರಾಂ, ಹೈಡ್ರೋಜನ್ 2 ಗ್ರಾಂ ತೂಗುತ್ತದೆ. 64 ಗ್ರಾಂ ಆಕ್ಸಿಜನ್ ಅಂದರೆ 2 ಮೋಲ್. ಅದು 4 ಮೋಲ್ ಹೈಡ್ರೋಜನ್, ಅಂದರೆ 8 ಗ್ರಾಂ, ತಿಂದು ಮುಗಿಯುತ್ತದೆ. ನೀರು 4 ಮೋಲ್, ಮೋಲ್‌ಗೆ 18 ಗ್ರಾಂನಂತೆ 72 ಗ್ರಾಂ. 2 ಗ್ರಾಂ ಹೈಡ್ರೋಜನ್ ಸುಮ್ನೆ ಉಳಿಯುತ್ತದೆ. 72ಕ್ಕೆ 2 ಕೂಡಿಸಿ, 74 ಬಂತಲ್ವಾ? ಯಾವುದು ಮೊದಲು ಖಾಲಿಯಾಗುತ್ತದೆ ಅಂತ ನೋಡಬೇಕು. ಯಾವುದನ್ನು ಮೊದಲು ಬರೆದಿದ್ದಾರೆ ಅಂತ ಅಲ್ಲ.

ನನ್ನ ಫ್ಯಾಕ್ಟರಿ ಲ್ಯಾಬಿನ ಪುರಾಣ ಕೇಳಿ ನಿಮಗೆಲ್ಲ ಸಾಕಾಗಿದೆ, ಗೊತ್ತು. ಆದರೂ ಹೇಳುತ್ತೇನೆ. ಲೆಕ್ಕಕ್ಕಿಂತ ಜಾಸ್ತಿ ಮಾಲು ಬಂದರೆ ಅಲ್ಲಿ ಯಾರೂ ಖುಷಿಪಡುತ್ತಿರಲಿಲ್ಲ. "ಸರಿಯಾಗಿ ಒಣಗಿಲ್ಲ, ಮತ್ತೆ ಓವನ್‌ಗೆ ಹಾಕಿ" ಅನ್ನುತ್ತಿದ್ದರು. ನೀರಿನ ತೂಕವನ್ನೂ ಮಾಲು ಅಂತ ಬರೆಯೋಕೆ ಬಿಡುತ್ತಿರಲಿಲ್ಲ.

ಸಿಇಟಿಯಲ್ಲಿ 80 ನಿಮಿಷಕ್ಕೆ 60 ಪ್ರಶ್ನೆ, ಶಾರ್ಟ್‌ಕಟ್ ಇಲ್ಲದೆ ಆಗುತ್ತಾ ಅಂತ ಕೇಳುವವರು ಬರುತ್ತೀರಿ. ಬನ್ನಿ. 10ಕ್ಕೆ 64 ಕೂಡಿಸೋಕೆ ಎಷ್ಟು ನಿಮಿಷ ಬೇಕು ಸ್ವಾಮಿ? ಹಾಕಿದ್ದಕ್ಕಿಂತ ಜಾಸ್ತಿ ಬರಲ್ಲ ಅಂತ ಫ್ರಾನ್ಸಿನ ಕೆಮಿಸ್ಟ್ ಲಾವೋಸಿಯೇ 1789ರಲ್ಲೇ ಪುಸ್ತಕದಲ್ಲಿ ಬರೆದಿಟ್ಟ. (1794ರಲ್ಲಿ ಅವನ ತಲೆ ತೆಗೆದರು. ಅದು ತೆರಿಗೆ ವಸೂಲಿ ಮಾಡುತ್ತಿದ್ದ ಕಾರಣಕ್ಕೆ. ಕೆಮಿಸ್ಟ್ರಿ ಮೇಷ್ಟ್ರುಗಳು ಹೆದರಬೇಕಿಲ್ಲ.)

ನಿಜ ಹೇಳಲಾ? ನನ್ನ ಮಗನಿಗೆ ಟ್ಯೂಷನ್ ಹಾಕಿಸಿರಲಿಲ್ಲ. ಅವನಿಗೆ ಅದರ ಸಿಟ್ಟು ಇನ್ನೂ ಇದೆ. ಇರಲಿ.

ಮುಂದಿನ ಲೆಕ್ಕ: 50 ಗ್ರಾಂ ಸುಣ್ಣದಕಲ್ಲು ಸುಟ್ಟರೆ ಎಷ್ಟು ಸುಟ್ಟಸುಣ್ಣ? 28 ಅಂದಳು. ಸರಿ. ಮಿಕ್ಕ 22 ಎಲ್ಲಿ ಹೋಯಿತು?

"ಅದನ್ನ ಕೇಳಿಲ್ಲ ಆಂಟಿ."

ನಾನು ಕೇಳ್ತಿದ್ದೀನಿ ಅಂದೆ. ಪೆನ್ನು ಕಚ್ಚಿಕೊಂಡು ಸ್ವಲ್ಪ ಹೊತ್ತು ಕೂತಳು. "ಕಾರ್ಬನ್ ಡೈಆಕ್ಸೈಡಾ?" ಹೌದು ಮಾರಾಯ್ತಿ! ತಲೆ ಚುರುಕಾಗೇ ಇದೆ. ಉಳಿದ ಲೆಕ್ಕ ನನ್ನೆದುರೇ ಮಾಡು ಅಂತ ಕೂರಿಸಿದ್ದೇನೆ. ಫೀಸು ಕಟ್ಟಿದ ಅವರಮ್ಮ ಜಗಳಕ್ಕೆ ಬಂದರೆ ಬರಲಿ.