ಎಲ್ಲದಕ್ಕೂ ಟೆನ್ಷನ್ನೇ ಕಾರಣ ಅಂದರೆ ಹೇಗೆ?

ಹೆಂಗಸರ ಥೈರಾಯ್ಡ್, ಕೀಲುನೋವು, ಇಲ್ಲವೇ ಚರ್ಮ, ಕೀಲು, ಕಿಡ್ನಿಯನ್ನೆಲ್ಲ ಕಾಡುವ ಲೂಪಸ್ ಕಾಯಿಲೆಯ ಮಾತು ಬಂದರೆ ನಮ್ಮ ಬೆಂಗಳೂರಿನಲ್ಲಿ ಒಂದು ಉತ್ತರ ಯಾವಾಗಲೂ ರೆಡಿ. "ಈಗಿನವರಿಗೆ ಟೆನ್ಷನ್ ಜಾಸ್ತಿ. ಆಫೀಸು, ಟ್ರಾಫಿಕ್ಕು, ಹೊರಗಡೆ ಊಟ. ಇನ್ನೇನಾಗುತ್ತೆ?" ಮದುವೆ ಮನೆಯ ಪಂಕ್ತಿಯಿಂದ ಹಿಡಿದು ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪಿನವರೆಗೆ ಇದೇ ತೀರ್ಪು. ನನಗೆ ಈ ಮಾತಿನ ಮೇಲೆ ತಕರಾರಿದೆ.

ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಗಂಡಸರೂ ಅಷ್ಟೇ ಹೊತ್ತು ನಿಂತಿರುತ್ತಾರೆ ಅಲ್ವಾ? ಆದರೂ ಲೂಪಸ್ ಬಂದ 10 ಜನರಲ್ಲಿ ಸುಮಾರು 9 ಮಂದಿ ಹೆಂಗಸರು. ಕೀಲುಗಳು ಊದಿ ನೋಯುವ ರುಮಟಾಯ್ಡ್ ಆರ್ಥ್ರೈಟಿಸ್ ಅವರಿಗೆ 2ರಿಂದ 3 ಪಟ್ಟು ಜಾಸ್ತಿ. ಮೈಯನ್ನು ಕಾಯಬೇಕಾದ ರೋಗ ನಿರೋಧಕ ಶಕ್ತಿ ಮೈಮೇಲೇ ತಿರುಗಿ ಬೀಳುವ ಇಂಥ ಆಟೋಇಮ್ಯೂನ್ ಕಾಯಿಲೆಗಳನ್ನೆಲ್ಲ ಸೇರಿಸಿದರೆ 5ರಲ್ಲಿ ಸುಮಾರು 4 ಜನ ಹೆಂಗಸರೇ. ಆದರೆ ಇದೇ ಗುಂಪಿಗೆ ಸೇರಿದ ಟೈಪ್ 1 ಡಯಾಬಿಟಿಸ್‌ನಲ್ಲಿ ಈ ವ್ಯತ್ಯಾಸ ಕಾಣುವುದಿಲ್ಲ. ಟೆನ್ಷನ್ನೇ ಕಾರಣ ಅನ್ನುವವರು ಇದಕ್ಕೇನು ಹೇಳುತ್ತಾರೆ?

ವಿಷಯ ಇರುವುದು ಎಕ್ಸ್ ಕ್ರೋಮೋಸೋಮಿನಲ್ಲಿ. ಕ್ರೋಮೋಸೋಮ್ ಅಂದರೆ ಜೀವಕೋಶದೊಳಗೆ ಜೀನ್‌ಗಳನ್ನು ಹೊತ್ತ ಎಳೆ. ಹೆಂಗಸರಿಗೆ ಎರಡು ಎಕ್ಸ್, ಗಂಡಸರಿಗೆ ಒಂದೇ. ಎರಡೂ ಪೂರ್ತಿ ಕೆಲಸ ಮಾಡಿದರೆ ಜೀವಕೋಶಕ್ಕೆ ಕಷ್ಟ. ಹಾಗಾಗಿ ಭ್ರೂಣದಲ್ಲೇ ಪ್ರತಿ ಕೋಶವೂ ಒಂದು ಎಕ್ಸನ್ನು ಸುಮ್ಮನಾಗಿಸುತ್ತದೆ. ವಿಜ್ಞಾನಿ ಮೇರಿ ಲಯನ್ 1961ರಲ್ಲೇ ಇದನ್ನು ಹೇಳಿದ್ದರು. ಸುಮ್ಮನಾಗಿಸುವ ಕೆಲಸ 'ಎಕ್ಸಿಸ್ಟ್' ಎಂಬ ಆರ್‌ಎನ್‌ಎಯದು, ಅಂದರೆ ಅದೇ ಹೆಸರಿನ ಜೀನ್‌ನಿಂದ ತಯಾರಾಗುವ ಒಂದು ನಕಲು ಎಳೆಯದು. ಅದು ಆ ಕ್ರೋಮೋಸೋಮಿಗೆ ಕಂಬಳಿಯಂತೆ ಸುತ್ತಿಕೊಳ್ಳುತ್ತದೆ, ಜೊತೆಗೆ ಹತ್ತಾರು ಪ್ರೋಟೀನುಗಳೂ ಅಂಟಿಕೊಳ್ಳುತ್ತವೆ. ಕೋಶ ಸತ್ತಾಗ ಈ ಗಂಟು ಹೊರಗೆ ಬೀಳಬಹುದು, ಅದನ್ನು ಕಂಡ ನಿರೋಧಕ ಶಕ್ತಿ ಶತ್ರು ಬಂದ ಅಂದುಕೊಳ್ಳಬಹುದು. 2024ರಲ್ಲಿ ಸ್ಟ್ಯಾನ್‌ಫರ್ಡ್‌ನ ಹೊವಾರ್ಡ್ ಚಾಂಗ್ ತಂಡ ಗಂಡು ಇಲಿಗಳಿಗೆ ಈ ಎಕ್ಸಿಸ್ಟ್ ಜೀನ್ ಸೇರಿಸಿ, ಕಾಯಿಲೆ ಕೆರಳಿಸುವ ರಾಸಾಯನಿಕ ಕೊಟ್ಟು ನೋಡಿತು. ಹೆಣ್ಣು ಇಲಿಗಳಿಗೆ ಬರುವಂಥ ಲೂಪಸ್ ಅವಕ್ಕೂ ಬಂತು. ಎಕ್ಸಿಸ್ಟ್ ಒಂದೇ ಸಾಲದು, ಕೆರಳಿಸುವುದೂ ಬೇಕು, ವಂಶದ ಒಲವೂ ಬೇಕು.

ನನಗೆ ಇನ್ನೂ ಗಟ್ಟಿ ಅನ್ನಿಸುವ ಸಾಕ್ಷಿ ಮನುಷ್ಯರದ್ದು. ಕೆಲವು ಗಂಡಸರು ಎರಡು ಎಕ್ಸ್, ಒಂದು ವೈ ಜೊತೆ ಹುಟ್ಟುತ್ತಾರೆ. ಬೇರೆ ಗಂಡಸರಿಗೆ ಹೋಲಿಸಿದರೆ ಅವರಿಗೆ ಲೂಪಸ್ ಬರುವ ಸಾಧ್ಯತೆ ಸುಮಾರು 14 ಪಟ್ಟು ಹೆಚ್ಚು, ಹೆಚ್ಚು ಕಡಿಮೆ ಹೆಂಗಸರಷ್ಟೇ.

ಹಾರ್ಮೋನಿನ ಪಾತ್ರವೂ ಇದೆ. ರುಮಟಾಯ್ಡ್ ಇರುವ ಎಷ್ಟೋ ಹೆಂಗಸರಿಗೆ ಬಸುರಿಯಾದಾಗ ನೋವು ತಾನಾಗೇ ಕಡಿಮೆಯಾಗುತ್ತದೆ. ಹೆರಿಗೆಯಾದ ಕೆಲವು ತಿಂಗಳಲ್ಲಿ ಮತ್ತೆ ಕೆರಳುತ್ತದೆ. ಕೆಲವರಿಗೆ ಮೊದಲ ಸಲ ಕಾಣಿಸಿಕೊಳ್ಳುವುದೇ ಆಗ.

ನಮ್ಮಲ್ಲಿ ಯಡವಟ್ಟಾಗುವುದು ಇಲ್ಲೇ. ವಿಜಯನಗರದಲ್ಲಿರುವ ನಮ್ಮ ಅತ್ತಿಗೆಗೆ ಹೆರಿಗೆಯಾದ ಮೇಲೆ ಬೆರಳ ಗೆಣ್ಣುಗಳು ಊದಿಕೊಂಡವು. ಬೆಳಗ್ಗೆ ಮಗುವಿನ ಅಂಗಿಯ ಗುಂಡಿ ಹಾಕಲೂ ಆಗುತ್ತಿರಲಿಲ್ಲ. "ಕಿವಿಗೆ ಹತ್ತಿ ಇಟ್ಟುಕೊಳ್ಳಲಿಲ್ಲ, ಗಾಳಿ ಹೊಕ್ಕಿದೆ" ಅಂದರು ಒಬ್ಬರು. "ಬಾಣಂತನ ಸರಿಯಾಗಿ ಆಗಿಲ್ಲ" ಅಂದರು ಇನ್ನೊಬ್ಬರು. ಅಂದರೆ ತಪ್ಪು ಅವರ ತಾಯಿಯದ್ದು! ಆ ಅಮ್ಮ ಮೂರು ತಿಂಗಳು ನಿದ್ದೆಗೆಟ್ಟು ನೋಡಿಕೊಂಡಿದ್ದರು ಪಾಪ. ಒಬ್ಬ ಡಾಕ್ಟರಂತೂ ಬೆರಳು ಮುಟ್ಟಿಯೂ ನೋಡದೆ ಕ್ಯಾಲ್ಸಿಯಂ ಬರೆದುಕೊಟ್ಟು, "ಟೆನ್ಷನ್ ತಗೋಬೇಡಿ" ಅಂದರು. ಕೊನೆಗೆ ಇಂಥ ಕಾಯಿಲೆಗಳನ್ನೇ ನೋಡುವ ತಜ್ಞರಾದ ರುಮಟಾಲಜಿಸ್ಟ್ ಹತ್ತಿರ ಹೋದಾಗಲೇ ಕಾಯಿಲೆಗೆ ಹೆಸರು ಸಿಕ್ಕಿದ್ದು: ರುಮಟಾಯ್ಡ್. ಈಗ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ, ಆರಾಮಾಗಿದ್ದಾರೆ. ಆದರೂ ನೆಂಟರ ಸಲಹೆ ನಿಂತಿಲ್ಲ. "ಇಂಗ್ಲಿಷ್ ಔಷಧಿ ಬಿಡು, ಮೆಂತ್ಯ ನೆನೆಸಿ ಕುಡಿ." ಮೆಂತ್ಯ ಕುಡಿಯಲಿ, ಬೇಡ ಅಂದವರ್ಯಾರು? ಮಾತ್ರೆ ಬಿಡಿಸಲು ಇವರು ಯಾರು ಅಂತ ನನ್ನ ಪ್ರಶ್ನೆ. ಕೀಲು ಒಮ್ಮೆ ಸವೆದರೆ ಮೊದಲಿನಂತಾಗುವುದಿಲ್ಲ, ಅದಕ್ಕೇ ಈ ಕಾಯಿಲೆಯಲ್ಲಿ ತಡ ಮಾಡಬಾರದು.

ನಿಮ್ಮ ಮನೆಯಲ್ಲಿ ಯಾರಿಗಾದರೂ ಬೆಳಗ್ಗೆ ಎದ್ದಾಗ ಬೆರಳುಗಳು ಗಂಟೆಗಟ್ಟಲೆ ಬಿಗಿದುಕೊಂಡಿದ್ದರೆ, ಊತ ವಾರಗಳಾದರೂ ಇಳಿಯದಿದ್ದರೆ, ರುಮಟಾಲಜಿಸ್ಟ್‌ಗೆ ತೋರಿಸಿ. ಆದರೆ ಇದನ್ನು ಓದಿ ನೇರ ಲ್ಯಾಬಿಗೆ ಹೋಗಿ ಸುಮ್ನೆ ಎಎನ್‌ಎ ಟೆಸ್ಟ್ (ಆಟೋಇಮ್ಯೂನ್ ಕಾಯಿಲೆಯ ಸುಳಿವು ಹುಡುಕುವ ರಕ್ತಪರೀಕ್ಷೆ) ಮಾಡಿಸಬೇಡಿ. ಆರೋಗ್ಯವಾಗಿರುವ ಎಷ್ಟೋ ಜನರಿಗೂ ಅದು ಪಾಸಿಟಿವ್ ಬರುತ್ತದೆ. ಟೆಸ್ಟ್ ಬೇಕೋ ಬೇಡವೋ ಅನ್ನುವುದನ್ನು ಬೆರಳು ಮುಟ್ಟಿ ನೋಡಿದ ಡಾಕ್ಟರೇ ಹೇಳಲಿ.